ಎರಡು ಲೀಸ್, ಒಂದು ಸಾಲ: ಹುಬ್ಬಳ್ಳಿಯಲ್ಲಿ ಕಾರಿನ ಕರಾರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ

ನನ್ನ ಒಲವು ಯಾವುದರ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 2024ರ ಜೂನ್‌ನಲ್ಲಿ ಹನ್ನೊಂದು ದಿನ ಚೌಕಾಸಿ ಮಾಡಿ ಸಹಿ ಹಾಕಿದ ಎರಡನೆಯ ಲೀಸ್ ನನಗೆ ಇಷ್ಟವಾಗಿದೆ. 2021ರ ಏಪ್ರಿಲ್‌ನಲ್ಲಿ ಓದದೆ ಸಹಿ ಹಾಕಿದ ಮೊದಲನೆಯ ಲೀಸ್‌ನಿಂದ ಮೈಸುಟ್ಟುಕೊಂಡೆ. ಗದಗಿನಲ್ಲಿರುವ ನನ್ನ ತಮ್ಮ ಬ್ಯಾಂಕ್ ಸಾಲದಲ್ಲಿ ಕೊಂಡ ಕಾರು ಅವನ ಬದುಕಿಗೆ ಚೆನ್ನಾಗಿ ಒಗ್ಗಿದೆ, ನನ್ನ ಓಡಾಟಕ್ಕೆ ಒಗ್ಗುವುದಿಲ್ಲ. ಮೂರೂ ಕಾರುಗಳು ನಾಲ್ಕು ಮೀಟರ್‌ಗಿಂತ ಚಿಕ್ಕದಾದ, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಒಂದೇ ಬಗೆಯ ಸೆಡಾನ್‌ಗಳಾದ್ದರಿಂದ ಇಲ್ಲಿ ಕಾರಿನ ಗುಣದೋಷದ ಮಾತು ಬರುವುದಿಲ್ಲ. ನಾನು ಹೋಲಿಸುತ್ತಿರುವುದು ಕರಾರು ಪತ್ರಗಳನ್ನು.

ನಾನು ಬಿತ್ತನೆ ಬೀಜದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಮನೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ಓಡಾಟ ಅಣ್ಣಿಗೇರಿ, ಗದಗ, ನರಗುಂದ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಕಡೆಗೆ. ಬಿತ್ತನೆಯ ಕಾಲದಲ್ಲಿ ತಿಂಗಳಿಗೆ ಎರಡೂವರೆ ಸಾವಿರ ಕಿಲೋಮೀಟರ್ ದಾಟುತ್ತದೆ, ಬೇಸಿಗೆಯಲ್ಲಿ ಸಾವಿರವೂ ಆಗುವುದಿಲ್ಲ. ಕಂಪನಿ ಕಾರು ಕೊಡುವುದಿಲ್ಲ, ಕಿಲೋಮೀಟರ್ ಲೆಕ್ಕದಲ್ಲಿ ಭತ್ಯೆ ಕೊಡುತ್ತದೆ. ಹೀಗಾಗಿ ತಿಂಗಳಿಗೆ ಇಂತಿಷ್ಟೇ ಖರ್ಚು ಎಂದು ಗೊತ್ತಿರುವ ವ್ಯವಸ್ಥೆ ನನಗೆ ಅಗತ್ಯ. ಲೀಸ್ ಕಡೆ ವಾಲಿದ್ದು ಆ ಕಾರಣಕ್ಕೆ.

ಲೀಸ್ ಎಂಬ ಪದವೇ ನಮ್ಮಲ್ಲಿ ಗೊಂದಲ ಹುಟ್ಟಿಸುತ್ತದೆ. ಮನೆಯನ್ನು ಲೀಸ್‌ಗೆ ಹಾಕಿಕೊಳ್ಳುವುದೆಂದರೆ ದೊಡ್ಡ ಮೊತ್ತವೊಂದನ್ನು ಮಾಲೀಕರ ಕೈಗಿಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸವಾಗಿದ್ದು, ಬಿಡುವಾಗ ಕೊಟ್ಟಷ್ಟನ್ನೂ ವಾಪಸು ಪಡೆಯುವುದು. ನನ್ನ ತಂದೆಯವರು ಕಾರಿನ ಲೀಸ್ ಎಂದಾಗ ಇದನ್ನೇ ತಿಳಿದಿದ್ದರು. ಕಾರಿನಲ್ಲಿ ಮರಳಿ ಬರುವುದು ಮುಂಗಡವಾಗಿ ಇಟ್ಟ ಎರಡು ಮೂರು ತಿಂಗಳ ಬಾಡಿಗೆ ಮಾತ್ರ, ಅದೂ ಕಡಿತವೆಲ್ಲ ಮುಗಿದ ಮೇಲೆ. ತಿಂಗಳ ಬಾಡಿಗೆ ಸಂದುಹೋದದ್ದು ಸಂದುಹೋಯಿತು, ಕಾರು ಕಂಪನಿಯದಾಗಿಯೇ ಉಳಿಯುತ್ತದೆ.

ಈಗ ನನ್ನನ್ನು ಬಹಳ ಕಾಡಿದ ಕಿಲೋಮೀಟರ್ ಷರತ್ತಿಗೆ ಬರುತ್ತೇನೆ. ಮೊದಲ ಲೀಸ್ ಮೂರು ವರ್ಷದ್ದು, ವರ್ಷಕ್ಕೆ 18,000 ಕಿಲೋಮೀಟರ್ ಮಿತಿ, ಮೀರಿದರೆ ಕಿಲೋಮೀಟರಿಗೆ 8 ರೂಪಾಯಿ. ಕಂಪನಿಯ ಪ್ರತಿನಿಧಿ ಮನೆಗೇ ಬಂದು ವಿವರಿಸಿದ್ದರು. "ಸರ, ವರ್ಷಕ್ಕ 18,000 ಅಂದ್ರ ಮೂರು ವರ್ಷಕ್ಕ 54,000 ಆತ್ರಿ, ನಿಮಗ ಬೇಕಾದಷ್ಟಾತು" ಎಂದಾಗ ನಾನೂ ಮನಸ್ಸಿನಲ್ಲಿ ಅದೇ ಗುಣಾಕಾರ ಮಾಡಿಕೊಂಡೆ. ಕಾರು ಬಂದ ಕೆಲವೇ ದಿನಗಳಲ್ಲಿ, ಅಂದರೆ ಏಪ್ರಿಲ್ ಕೊನೆಗೆ, ಕೊರೊನಾದ ಎರಡನೆಯ ಅಲೆಯ ನಿರ್ಬಂಧಗಳು ಶುರುವಾಗಿ ಜೂನ್‌ವರೆಗೆ ನಡೆದವು. ನಮ್ಮ ಕಂಪನಿ ಆಮೇಲೂ ಕೆಲವು ತಿಂಗಳು ಪ್ರವಾಸಕ್ಕೆ ಅನುಮತಿ ಕೊಡಲಿಲ್ಲ. ಮೊದಲ ವರ್ಷ ಕಾರು ಓಡಿದ್ದು 9,800 ಕಿಲೋಮೀಟರ್. ಎರಡನೆಯ ವರ್ಷ 21,400, ಮೂರನೆಯ ವರ್ಷ 22,300. ಒಟ್ಟು 53,500. ಮಿತಿಗಿಂತ 500 ಕಿಲೋಮೀಟರ್ ಕಡಿಮೆಯೇ ಓಡಿಸಿದ್ದೇನೆ ಎಂಬ ನೆಮ್ಮದಿಯಲ್ಲಿ 2024ರ ಮಾರ್ಚ್‌ನಲ್ಲಿ ಕಾರನ್ನು ಒಪ್ಪಿಸಿದೆ.

ಎರಡು ವಾರಗಳ ನಂತರ ಬಂದ ಲೆಕ್ಕದಲ್ಲಿ 7,700 ಕಿಲೋಮೀಟರ್ ಹೆಚ್ಚುವರಿ ಎಂದು ತೋರಿಸಿ, 61,600 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯನ್ನು ಕೇಳಲಾಗಿತ್ತು. ಕರಾರು ಪತ್ರ ತೆಗೆದು ನೋಡಿದಾಗ ಒಳಪುಟದಲ್ಲಿ ಎರಡು ಸಾಲುಗಳಿದ್ದವು: ಪ್ರತಿ ಹನ್ನೆರಡು ತಿಂಗಳ ಓಟವನ್ನು ಪ್ರತ್ಯೇಕವಾಗಿ ಎಣಿಸಲಾಗುವುದು, ಬಳಸದೆ ಉಳಿದ ಕಿಲೋಮೀಟರ್‌ಗಳು ಮುಂದಿನ ವರ್ಷಕ್ಕೆ ಸಲ್ಲುವುದಿಲ್ಲ. ಎರಡನೆಯ ವರ್ಷದ 3,400, ಮೂರನೆಯ ವರ್ಷದ 4,300 ಸೇರಿ ಆ 7,700. ಕಾರು ಮನೆ ಮುಂದೆ ನಿಂತಿದ್ದ ಮೊದಲ ವರ್ಷದ 8,200 ಕಿಲೋಮೀಟರ್ ಲೆಕ್ಕಕ್ಕೇ ಬರಲಿಲ್ಲ. ಲಾಕ್‌ಡೌನ್ ಕಾರಣ ಕೊಟ್ಟು ಬರೆದ ಮೂರು ಪತ್ರಗಳಿಗೂ "ಷರತ್ತಿನ ಪ್ರಕಾರ" ಎಂಬ ಒಂದೇ ಉತ್ತರ ಬಂತು. ಮುಂಗಡ ಹಣ ಇದರಲ್ಲೇ ಕರಗಿತು, ಉಳಿದದ್ದನ್ನು ಕೈಯಿಂದ ಕಟ್ಟಿದೆ. ಆ ಎರಡು ಸಾಲು ನನ್ನ ಸಹಿಗಿಂತ ಮೊದಲೇ ಅಲ್ಲಿದ್ದವು, ಆದ್ದರಿಂದ ವಾದಿಸಲು ನೆಲೆ ಇರಲಿಲ್ಲ. ಆದರೆ ಬಾಯಿಮಾತಿನಲ್ಲಿ ಮೂರು ವರ್ಷದ ಒಟ್ಟು ಹೇಳಿ, ಬರಹದಲ್ಲಿ ವರ್ಷವರ್ಷದ ಲೆಕ್ಕ ಇಟ್ಟದ್ದು ಸರಿಯಲ್ಲವೆಂದು ಇಂದಿಗೂ ನನ್ನ ಅಭಿಪ್ರಾಯ.

ಎರಡನೆಯ ಕಂಪನಿಯವರನ್ನು ಗೋಕುಲ ರಸ್ತೆಯ ಶೋರೂಮಿನಲ್ಲಿ ಭೇಟಿಯಾದಾಗ ಹಳೆಯ ಕರಾರಿನ ಆ ಪುಟವನ್ನು ಜೊತೆಗೆ ಒಯ್ದಿದ್ದೆ. ಅವರ ಮೊದಲ ಪ್ರಸ್ತಾಪ ನಾಲ್ಕು ವರ್ಷ, ವರ್ಷಕ್ಕೆ 15,000 ಕಿಲೋಮೀಟರ್, ತೆರಿಗೆ ಬಿಟ್ಟು ತಿಂಗಳಿಗೆ 16,650 ರೂಪಾಯಿ, ಹೆಚ್ಚುವರಿ ಓಟಕ್ಕೆ ಕಿಲೋಮೀಟರಿಗೆ 7 ರೂಪಾಯಿ. ಅಚ್ಚಾದ ಕರಾರನ್ನು ತಿದ್ದಲು ಬರುವುದಿಲ್ಲ ಎಂದರು. ತಿದ್ದುವುದು ಬೇಡ, ಅನುಬಂಧವೊಂದನ್ನು ಸೇರಿಸಿ, ಅಚ್ಚಾದ ಷರತ್ತಿಗೂ ಅನುಬಂಧಕ್ಕೂ ವ್ಯತ್ಯಾಸ ಬಂದರೆ ಅನುಬಂಧವೇ ಅಂತಿಮ ಎಂದು ಬರೆದುಕೊಡಿ ಎಂದು ಕೇಳಿದೆ. ಅದಕ್ಕೆ ಮೇಲಿನವರ ಒಪ್ಪಿಗೆ ಬರಲು ಹನ್ನೊಂದು ದಿನ ಹಿಡಿಯಿತು, ಆದರೆ ಬಂತು. 48 ತಿಂಗಳಿಗೆ ಒಟ್ಟಾರೆ 80,000 ಕಿಲೋಮೀಟರ್, ಎಣಿಕೆ ಕಾರು ಮರಳಿಸುವ ದಿನ ಒಂದೇ ಸಲ. ಹೆಚ್ಚುವರಿ ದರ 7ರಿಂದ 5ಕ್ಕೆ ಇಳಿಯಿತು. ಬಾಡಿಗೆ 350 ರೂಪಾಯಿ ಏರಿ 17,000 ಆಯಿತು.

ಆ 350 ರೂಪಾಯಿಯನ್ನು ಲೆಕ್ಕ ಹಾಕಿ ನೋಡಬೇಕು. 48 ತಿಂಗಳಿಗೆ 16,800, ಆಗಿನ ಶೇ. 29 ತೆರಿಗೆ ಸೇರಿದರೆ 21,672 ರೂಪಾಯಿ; ಇದಕ್ಕೆ ಪ್ರತಿಯಾಗಿ ಸಿಕ್ಕಿದ್ದು 20,000 ಹೆಚ್ಚು ಕಿಲೋಮೀಟರ್. ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ. ಅದೇ 20,000 ಕಿಲೋಮೀಟರನ್ನು ಮಿತಿ ಮೀರಿ ಓಡಿಸಿದ್ದರೆ ಮೊದಲಿನ 7 ರೂಪಾಯಿ ದರದಲ್ಲಿ 1,40,000 ಆಗುತ್ತಿತ್ತು. ನನ್ನಂತೆ ಊರೂರು ಸುತ್ತುವವರು ಮಿತಿಯನ್ನು ಮೊದಲೇ ಹೆಚ್ಚಿಸಿಕೊಳ್ಳಬೇಕು. ಕಡಿಮೆ ಬಾಡಿಗೆಯ ಆಸೆಗೆ ಮಿತಿ ಇಳಿಸಿಕೊಳ್ಳಬಾರದು. 2025ರ ಡಿಸೆಂಬರ್ ಕೊನೆಗೆ ನನ್ನ ಮೀಟರ್ 31,200 ತೋರಿಸುತ್ತಿತ್ತು. ಮಳೆಗಾಲದಲ್ಲಿ ಓಟ ಏರಿದರೂ ಈಗ ಎದೆ ಬಡಿದುಕೊಳ್ಳುವುದಿಲ್ಲ.

ತೆರಿಗೆಯ ವಿಷಯದಲ್ಲಿ ಎರಡು ಕರಾರುಗಳ ಅಂತರ ಆಮೇಲೆ ಗೊತ್ತಾಯಿತು. ಲೀಸ್ ಬಾಡಿಗೆಗೆ ಆ ಕಾರನ್ನು ಮಾರುವಾಗ ಹಾಕುವಷ್ಟೇ ಜಿಎಸ್‌ಟಿ ಬೀಳುತ್ತದೆ. ನನ್ನಂಥ ಸಂಬಳದಾರರು ಅದನ್ನು ಎಲ್ಲಿಯೂ ಮರಳಿ ಪಡೆಯಲಾರರು. ಈ ಗಾತ್ರದ ಪೆಟ್ರೋಲ್ ಕಾರಿಗೆ ಶೇ. 28 ಮತ್ತು ಶೇ. 1ರ ಸೆಸ್ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿಯಿತು. ನನ್ನ ಎರಡನೆಯ ಕರಾರಿನಲ್ಲಿ ಮೂಲ ಬಾಡಿಗೆ ಮತ್ತು ತೆರಿಗೆ ಬೇರೆಬೇರೆಯಾಗಿ ನಮೂದಾಗಿದ್ದು, ತೆರಿಗೆ ಆಯಾ ಕಾಲದ ದರದಂತೆ ಎಂದು ಬರೆದಿದೆ. ಹಾಗಾಗಿ 21,930 ಇದ್ದ ತಿಂಗಳ ಪಾವತಿ 20,060 ಆಯಿತು. ಮೊದಲ ಕರಾರಿನಲ್ಲಿ "ಎಲ್ಲಾ ಸೇರಿ 19,800" ಎಂದಷ್ಟೇ ಇತ್ತು. ಅದು ಇನ್ನೂ ನಡೆಯುತ್ತಿದ್ದರೆ ಇಳಿಕೆಯನ್ನು ಯಾವ ಸಾಲು ತೋರಿಸಿ ಕೇಳುವುದು ಎಂಬುದೇ ತಿಳಿಯುತ್ತಿರಲಿಲ್ಲ. ದರ ಏರಿದರೆ ನಾನೇ ಹೊರಬೇಕಾಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಸಹಿ ಹಾಕಿದ್ದೇನೆ.

ನಡುವೆ ಬಿಡುವ ಷರತ್ತು: ಮೊದಲನೆಯದರಲ್ಲಿ ಯಾವಾಗ ಬಿಟ್ಟರೂ ಉಳಿದ ಬಾಡಿಗೆಯ ಅರ್ಧ. ಎರಡನೆಯದರಲ್ಲಿ ಹನ್ನೆರಡು ತಿಂಗಳು ಬಿಡುವಂತಿಲ್ಲ, ಆಮೇಲೆ ನಾಲ್ಕು, ಮೂರು, ಎರಡು ತಿಂಗಳ ಬಾಡಿಗೆ ಎಂದು ವರ್ಷವರ್ಷಕ್ಕೆ ಇಳಿಯುವ ಪಟ್ಟಿ ಅಂಟಿಸಿದ್ದಾರೆ.

ಕಾರು ಮರಳಿಸುವಾಗಿನ ಸ್ಥಿತಿಯ ಬಗ್ಗೆ ಮೊದಲ ಕರಾರು "ಸಹಜ ಸವೆತ" ಎಂಬ ಎರಡು ಪದಗಳಲ್ಲಿ ಮುಗಿಸಿತ್ತು. ಎರೆಹೊಲದ ದಾರಿಗಳಲ್ಲಿ ಜಾಲಿ ಮುಳ್ಳು ಬಾಗಿಲಿಗೆ ಗೀರುವುದು ನಮಗೆ ಸಹಜ, ಬೆಂಗಳೂರಿನಿಂದ ಬಂದ ಪರಿಶೀಲಕರಿಗೆ ಅದು ಹಾನಿ. ಗೀರುಗಳಿಗೂ ಬಂಪರಿಗೂ ಸೇರಿಸಿ 14,500 ಕಡಿತವಾಯಿತು. ಈ ಸಲ ಅಂಗೈಗಿಂತ ಚಿಕ್ಕದಾದ, ಬಣ್ಣದ ಕೆಳಗಿನ ತಗಡು ಕಾಣದ ಗೀರುಗಳಿಗೆ ಶುಲ್ಕವಿಲ್ಲ ಎಂದೂ, ಟೈರಿನ ಮೇಲಿನ ತೋಡುಗಳ ಆಳ ಕಾನೂನು ಹೇಳುವ 1.6 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಮಾತ್ರ ಹಣ ಕೇಳಬಹುದೆಂದೂ, ಪರಿಶೀಲನೆ ಹುಬ್ಬಳ್ಳಿಯಲ್ಲಿ ನನ್ನ ಎದುರಿಗೇ ನಡೆಯಬೇಕೆಂದೂ ಅನುಬಂಧದಲ್ಲಿ ಬರೆಸಿದ್ದೇನೆ. ಕಾರು ಪಡೆದ ದಿನ ತೆಗೆದ ಫೋಟೊಗಳಿಗೆ ಇಬ್ಬರ ಸಹಿಯೂ ಇದೆ.

ವಿಮೆಯಲ್ಲಿ ಒಂದು ಅಂಶ ಮುಖ್ಯ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ಅಪಘಾತಗಳಿಗೆ ಎಷ್ಟು ಕುಖ್ಯಾತವೆಂದು ಅವಳಿ ನಗರದವರಿಗೆ ಹೇಳಬೇಕಾಗಿಲ್ಲ. ಕಾರು ಪೂರ್ತಿ ಜಖಂ ಆದರೆ ವಿಮಾ ಕಂಪನಿ ಕೊಡುವುದು ಸವಕಳಿ ಕಳೆದ ಮೊತ್ತ: ಒಂದರಿಂದ ಎರಡು ವರ್ಷದ ಕಾರಿಗೆ ಶೇ. 20, ಎರಡರಿಂದ ಮೂರು ವರ್ಷದ್ದಕ್ಕೆ ಶೇ. 30 ಕಡಿತ. ಆ ಹಣ ಲೀಸ್ ಕಂಪನಿಗೆ ಹೋಗುತ್ತದೆ, ಅವರ ಬಾಕಿಗೆ ಸಾಲದಿದ್ದರೆ ಉಳಿದದ್ದು ನಮ್ಮ ತಲೆಯ ಮೇಲೆ. ಇನ್‌ವಾಯ್ಸ್ ಮೊತ್ತ ಪೂರ್ತಿ ಕೊಡುವ ಹೆಚ್ಚುವರಿ ವಿಮೆಯನ್ನು ಬಾಡಿಗೆಯೊಳಗೇ ಸೇರಿಸಿ ಎಂದು ಹಟ ಹಿಡಿದೆ. ಸೇರಿಸಿದರು.

ಮತ್ತೊಂದು ಕಂಪನಿ ತಿಂಗಳಿಗೆ ಸಾವಿರ ಕಡಿಮೆ ಹೇಳಿತ್ತು. ಕಾರಣ ಕೇಳಿದರೆ ಕಾರು ಬೇರೆ ರಾಜ್ಯದ ನೋಂದಣಿಯದು. ಹನ್ನೆರಡು ತಿಂಗಳು ದಾಟಿದರೆ ಇಲ್ಲಿ ಮರುನೋಂದಣಿ ಆಗಬೇಕು, ಇಲ್ಲಿನ ಜೀವಾವಧಿ ತೆರಿಗೆ ಕಟ್ಟಬೇಕು. ಅದು ಯಾರ ಹೊಣೆ ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಹುಬ್ಬಳ್ಳಿಯ ಕೆಎ 63 ನೋಂದಣಿ ಇಲ್ಲದ ಕಾರು ಬೇಡವೆಂದು ಎದ್ದು ಬಂದೆ.

ತಮ್ಮನ ಸಾಲದ ವಿಷಯಕ್ಕೆ ಬಂದರೆ, ಅವನು ಮೊದಲಿಗೆ ಕೈಯಿಂದ ಎರಡು ಲಕ್ಷಕ್ಕೂ ಹೆಚ್ಚು ಹಾಕಿ, ಎಂಟು ಲಕ್ಷವನ್ನು ಶೇ. 9ರ ಬಡ್ಡಿಗೆ ಐದು ವರ್ಷಕ್ಕೆ ತೆಗೆದ. ಕಂತು ಸುಮಾರು 16,600. ಐದರಿಂದ ಹತ್ತು ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಆಗ ಇದ್ದ ಶೇ. 14ರ ಜೀವಾವಧಿ ತೆರಿಗೆಯೂ ಅವನದೇ, ವಿಮೆ, ಸರ್ವಿಸ್, ಟೈರುಗಳೂ ಅವನವೇ. ನನ್ನ ಬಾಡಿಗೆಯಲ್ಲಿ ಇವೆಲ್ಲ ಸೇರಿರುವುದರಿಂದ ಕಂತನ್ನೂ ಬಾಡಿಗೆಯನ್ನೂ ನೇರವಾಗಿ ಹೋಲಿಸಬಾರದು. ಸಾಲದ ದೊಡ್ಡ ಅನುಕೂಲ ಬೇರೆಯದು. ಅವನದು ಬದಲಾಗುವ ಬಡ್ಡಿದರದ ಸಾಲ. ಅಂಥ ಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ಹೆಸರುಕಾಳು ಮಾರಿದ ದುಡ್ಡಿನಲ್ಲಿ ಅವನು ಒಂದು ಲಕ್ಷ ಮೊದಲೇ ಕಟ್ಟಿದ, ಒಂದು ಪೈಸೆಯೂ ಹೆಚ್ಚು ಹೋಗಲಿಲ್ಲ. "ಅಣ್ಣಾ, ನನ್ನ ಕಾರಿಗೆ ಗೀರು ಬಿದ್ದರ ಯಾರ್ ಕೇಳ್ತಾರ?" ಎನ್ನುತ್ತಾನೆ. ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಆದರೆ ಅವನು ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್ ಓಡಿಸುತ್ತಾನೆ, ಹತ್ತು ವರ್ಷ ಅದೇ ಕಾರನ್ನು ಇಟ್ಟುಕೊಳ್ಳುತ್ತಾನೆ. ಸಾಲ ತೀರಿದ ಮೇಲಿನ ಐದು ವರ್ಷ ಅವನಿಗೆ ಲಾಭ. ನನ್ನ ಕಾರು ನಾಲ್ಕು ವರ್ಷಕ್ಕೆ ಎಂಬತ್ತು ಸಾವಿರ ಓಡಿ, ಹಳೆಯ ಕಾರು ಕೊಳ್ಳುವವರ ಎದುರು ಅಗ್ಗವಾಗಿ ನಿಲ್ಲುತ್ತದೆ; ಎರಡು ಲಕ್ಷ ಒಟ್ಟಿಗೆ ಹೊರತೆಗೆಯುವ ಶಕ್ತಿಯೂ ಮಕ್ಕಳ ಕಾಲೇಜಿನ ಈ ವರ್ಷಗಳಲ್ಲಿ ನನಗಿಲ್ಲ. ಆದ್ದರಿಂದ ನನ್ನ ಆಯ್ಕೆ ಲೀಸ್, ಅದೂ ಈ ಅನುಬಂಧದೊಂದಿಗಿನ ಲೀಸ್. ಮೊದಲನೆಯ ಕರಾರಿನಂಥದ್ದು ಮತ್ತೆ ಎದುರಾದರೆ ತಮ್ಮನ ದಾರಿಯನ್ನೇ ಹಿಡಿಯುತ್ತೇನೆ.

ಒಂದು ಬೇಡಿಕೆ ಮಾತ್ರ ಈ ಸಲವೂ ಈಡೇರಲಿಲ್ಲ. ಬಳಸದೆ ಉಳಿದ ಕಿಲೋಮೀಟರ್‌ಗಳಿಗೆ ಎರಡು ರೂಪಾಯಿಯಂತೆ ಮರಳಿ ಕೊಡಿ ಎಂದು ಕೇಳಿದ್ದೆ, ಒಪ್ಪಲಿಲ್ಲ. 2028ರ ಜೂನ್‌ನಲ್ಲಿ ಮುಂದಿನ ಕರಾರಿಗೆ ಕೂತಾಗ ಮೊದಲ ಪ್ರಶ್ನೆಯಾಗಿ ಅದನ್ನೇ ಇಡುತ್ತೇನೆ.