ಅರ್ಧಕ್ಕೆ ನಿಂತ ವಿಸೆಂಟರ್ ಅಪ್‌ಡೇಟ್: ಕುವೆಂಪುನಗರದ ಸರ್ವರ್ ಸೇವೆಯ ವಿಮರ್ಶೆ

ಮೈಸೂರಿನಲ್ಲಿ ಲ್ಯಾಪ್‌ಟಾಪ್ ರಿಪೇರಿಗೆ ಬೀದಿಗೊಂದು ಅಂಗಡಿ ಸಿಗುತ್ತದೆ. ವರ್ಚುವಲ್ ಮೆಷಿನ್‌ಗಳನ್ನು (ಒಂದೇ ಯಂತ್ರದೊಳಗೆ ತಂತ್ರಾಂಶದಿಂದ ರೂಪಿಸಿದ ಹಲವು ಕಂಪ್ಯೂಟರ್‌ಗಳನ್ನು) ಒಂದೇ ಕಡೆಯಿಂದ ನಿರ್ವಹಿಸುವ ವಿಎಂವೇರ್ ವಿಸೆಂಟರ್ ಸರ್ವರ್‌ನ ಅಪ್‌ಡೇಟ್ ಕೈಕೊಟ್ಟಾಗ ಕರೆಯಬಹುದಾದವರು ಮಾತ್ರ ವಿರಳ. ಕುವೆಂಪುನಗರದಲ್ಲಿ ಮನೆಯೊಂದರ ಮೊದಲ ಮಹಡಿಯಲ್ಲಿ ಕಚೇರಿ ಇಟ್ಟುಕೊಂಡಿರುವ ಚಿಕ್ಕ ಸಂಸ್ಥೆಯೊಂದನ್ನು ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಗೆ ಕರೆಸಿದ್ದೆವು. ಅವರ ಕೆಲಸಕ್ಕೆ ಪೂರ್ಣ ಅಂಕ, ಕೆಲಸ ಮುಗಿದ ಮೇಲಿನ ವ್ಯವಹಾರಕ್ಕೆ ಅರ್ಧ ಅಂಕ.

ನಮ್ಮ ವಿಸೆಂಟರ್‌ನ ಅಪ್‌ಡೇಟ್ ಅರ್ಧಕ್ಕೆ ನಿಂತು, 5480ನೇ ಪೋರ್ಟಿನ ಅದರ ನಿರ್ವಹಣಾ ಪುಟದಲ್ಲಿ ಇನ್‌ಸ್ಟಾಲೇಶನ್ ವಿಫಲವಾಗಿದೆ, ಸರ್ವರ್ ನಾನ್-ಆಪರೇಷನಲ್ (ಕೆಲಸ ಮಾಡುತ್ತಿಲ್ಲ) ಎಂಬ ಸಂದೇಶ ಬಂದಿತ್ತು. ವಿಸೆಂಟರ್ ಮಲಗಿದರೂ ಅವುಗಳನ್ನು ನಿಜವಾಗಿ ಓಡಿಸುವ ಭೌತಿಕ ಸರ್ವರ್‌ಗಳಾದ ಇಎಸ್‌ಎಕ್ಸ್‌ಐ ಹೋಸ್ಟ್‌ಗಳ ಮೇಲಿನ ವರ್ಚುವಲ್ ಮೆಷಿನ್‌ಗಳು ಓಡುತ್ತಲೇ ಇರುವುದರಿಂದ ಹಾಜರಾತಿ, ಲೆಕ್ಕಪತ್ರ ಯಾವುದೂ ನಿಲ್ಲಲಿಲ್ಲ. ಆದರೂ ಫೋನಿನಲ್ಲಿ ಸಿಕ್ಕ ಬೇರೊಬ್ಬ ಗುತ್ತಿಗೆದಾರರು ಏನನ್ನೂ ನೋಡದೆಯೇ “ಎಲ್ಲ ತೆಗೆದು ಹೊಸದಾಗಿ ಹಾಕಿಬಿಡಿ” ಎಂದಿದ್ದರು.

ಇವರ ಕಡೆಯಿಂದ ಬಂದ ಯುವ ಇಂಜಿನಿಯರ್ ಆ ದಾರಿ ಹಿಡಿಯಲಿಲ್ಲ. ಅಪ್‌ಡೇಟ್‌ಗೆ ಮೊದಲು ತೆಗೆದ ಸ್ನ್ಯಾಪ್‌ಶಾಟ್ (ಬೇಕಾದಾಗ ಮರಳಬಹುದಾದ ಆ ಕ್ಷಣದ ಸ್ಥಿತಿಯ ದಾಖಲೆ) ಇದೆ ಎಂದು ನಾನು ಹೇಳಿದಾಗ, “ಅದಕ್ಕೆ ಆಮೇಲೆ ಹೋಗೋಣ ಸರ್, ಮೊದಲು ಲಾಗ್ ಹೊರಗೆ ತೆಗೀತೀನಿ” ಎಂದರು. ಹಳೆಯ ಸ್ಥಿತಿಗೆ ಮರಳಿದರೆ ಸೋಲಿನ ಕಾರಣವನ್ನು ಬರೆದಿಟ್ಟಿರುವ ಲಾಗ್‌ಗಳೂ ಅಳಿಸಿಹೋಗುತ್ತವೆ, ಮುಂದಿನ ಪ್ರಯತ್ನವೂ ಅದೇ ಜಾಗದಲ್ಲಿ ಮುಗ್ಗರಿಸುತ್ತದೆ. ಅಪ್‌ಡೇಟ್‌ನ ಹೆಜ್ಜೆಗಳನ್ನೆಲ್ಲ ದಾಖಲಿಸುವ ಪ್ಯಾಚ್‌ರನ್ನರ್ ಲಾಗನ್ನು ಅವರು ತಮ್ಮ ಲ್ಯಾಪ್‌ಟಾಪಿಗೆ ನಕಲಿಸಿಕೊಂಡು, ಕೊನೆಯಿಂದ ಮೇಲಕ್ಕೆ ಓದುತ್ತಾ ಹೋದರು.

ಡಿಸ್ಕ್ ಪಟ್ಟಿಯಲ್ಲಿ ಆರ್ಕೈವ್ ವಿಭಾಗ ಬಹುತೇಕ ತುಂಬಿದ್ದನ್ನು ಕಂಡು ನಾನು ಅದೇ ಕಾರಣವಿರಬೇಕೆಂದುಕೊಂಡೆ. ಅದು ತುಂಬುವುದು ಅದರ ವಿನ್ಯಾಸವೇ, ಅದನ್ನು ಬಿಟ್ಟುಬಿಡಿ ಎಂದು ಅವರು ಅದರ ಮೇಲಿನ ಸಾಲಿಗೆ ಬೆರಳಿಟ್ಟರು: ಲಾಗ್ ವಿಭಾಗದಲ್ಲಿ ಜಾಗವೇ ಉಳಿದಿರಲಿಲ್ಲ. ಅನುಭವಕ್ಕೆ ಹಣ ಕೊಡುವುದು ಇಂಥ ಕಡೆ ಸಾರ್ಥಕ ಅನ್ನಿಸುತ್ತದೆ.

ಸ್ನ್ಯಾಪ್‌ಶಾಟ್ ಇರುವವರೆಗೆ ವರ್ಚುವಲ್ ಡಿಸ್ಕನ್ನು ಹಿಗ್ಗಿಸಲು ಬರುವುದಿಲ್ಲವಾದ್ದರಿಂದ, ಇಎಸ್‌ಎಕ್ಸ್‌ಐ ಹೋಸ್ಟಿಗೆ ನೇರವಾಗಿ ಲಾಗಿನ್ ಆಗಿ ಹಳೆಯ ಸ್ಥಿತಿಗೆ ಮರಳಿ, ಆ ಸ್ನ್ಯಾಪ್‌ಶಾಟ್ ತೆಗೆದುಹಾಕಿ, ಲಾಗ್ ವಿಭಾಗದ ಡಿಸ್ಕ್ ಹಿಗ್ಗಿಸಿ, ಹೊಸ ಸ್ನ್ಯಾಪ್‌ಶಾಟ್ ಇಟ್ಟುಕೊಂಡ ಬಳಿಕವೇ ಎರಡನೆಯ ಪ್ರಯತ್ನಕ್ಕೆ ಕೈಹಾಕಿದರು. ವಿಸೆಂಟರ್‌ನ ರೂಟ್ (ಮುಖ್ಯ ನಿರ್ವಾಹಕ ಖಾತೆಯ) ಪಾಸ್‌ವರ್ಡ್ ಸಾಮಾನ್ಯವಾಗಿ 90 ದಿನಗಳಿಗೆ ಅವಧಿ ಮೀರುವುದರಿಂದ ಅದನ್ನೂ ಪರಿಶೀಲಿಸಿದರು. ಪ್ಯಾಚನ್ನು (ಅಪ್‌ಡೇಟ್‌ನ ತಂತ್ರಾಂಶವನ್ನು) ಅಂತರ್ಜಾಲದಿಂದ ಎಳೆಯದೆ ಐಎಸ್‌ಒ (ಸಿಡಿಯ ಪ್ರತಿರೂಪದ) ಫೈಲನ್ನು ವರ್ಚುವಲ್ ಸಿಡಿ ಡ್ರೈವಿಗೆ ಜೋಡಿಸಿ ಹಾಕಿದರು. 2025ರಿಂದ ಪ್ಯಾಚ್ ಇಳಿಸಿಕೊಳ್ಳಲು ಗ್ರಾಹಕರ ಟೋಕನ್ (ಗುರುತಿನ ಸಂಕೇತ) ಸೇರಿದ ವಿಳಾಸ ಬೇಕಾಗಿರುವುದರಿಂದ, ಹಳೆಯ ವಿಳಾಸವನ್ನೇ ಉಳಿಸಿಕೊಂಡಿರುವವರಿಗೆ ಈ ದಾರಿ ಉಪಯುಕ್ತ. ಅಪ್‌ಡೇಟ್ ತಕರಾರಿಲ್ಲದೆ ಮುಗಿಯಿತು.

ಅರ್ಧ ಅಂಕ ಕಳೆದುಕೊಂಡದ್ದು ಆಮೇಲೆ. ಹೊಸ ಸ್ನ್ಯಾಪ್‌ಶಾಟನ್ನು ಅಳಿಸದೆ, ಅಳಿಸಬೇಕೆಂದು ಹೇಳದೆಯೂ ಹೋದರು. ವರ್ಚುವಲ್ ಮೆಷಿನ್‌ಗಳ ಫೈಲ್‌ಗಳಿರುವ ಡೇಟಾಸ್ಟೋರ್‌ನಲ್ಲಿ, ಬದಲಾವಣೆಗಳನ್ನು ಹಿಡಿದಿಡುವ ಅದರ ಡೆಲ್ಟಾ ಫೈಲ್ ಬೆಳೆಯುತ್ತಿದ್ದುದನ್ನು ನಾವೇ ಗಮನಿಸಿ ಸ್ನ್ಯಾಪ್‌ಶಾಟ್ ಅಳಿಸಿದೆವು. ಲಿಖಿತ ವರದಿ ಕೇಳಿದರೆ ‘ಸರ್ವರ್ ಸರ್ವೀಸ್’ ಎಂಬ ಒಂದೇ ಸಾಲಿನ ಬಿಲ್ ಬಂತು, ಆಡಿಟ್‌ನವರಿಗೆ ಅದು ಸಾಲದು. ಇವರನ್ನು ಕರೆಯುವವರು ವರದಿಯ ಮಾತನ್ನು ಮೊದಲೇ ಮುಗಿಸಿಕೊಳ್ಳಲಿ. ಮಂಡ್ಯದ ಕಡೆಗೂ ಬರುತ್ತಾರೆ, ಪ್ರಯಾಣದ ಖರ್ಚು ಬೇರೆ.