ಪುನರ್ಪುಳಿ: ಸಿಪ್ಪೆ ತಗೊಳ್ಳಿ, ಸಿರಪ್ ಬೇಡ

ಮಂಗಳೂರು ಸೆಂಟ್ರಲ್ ಮಾರ್ಕೆಟ್ ಹತ್ತಿರದ ಒಂದು ಅಂಗಡಿಯಲ್ಲಿ ಪುನರ್ಪುಳಿ (ಕೋಕಂ) ಸಿರಪ್ ಮತ್ತು ಒಣ ಸಿಪ್ಪೆ ಎರಡೂ ತಗೊಂಡೆ. ಸಿಪ್ಪೆಗೆ 5ಕ್ಕೆ 5. ಸಿರಪ್‌ಗೆ 2.

ಸಿರಪ್ ರುಚಿ ಚೆನ್ನಾಗಿಯೇ ಇದೆ. ಬಣ್ಣವೂ ಹಣ್ಣಿನದ್ದೇ. ಒಂದು ಚಮಚಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿದೆ, ಕೆಂಪು ಹೋಗಿ ನೀಲಿಗೆ ತಿರುಗಿತು. ಅದು ಆಂಥೋಸಯಾನಿನ್ ಅನ್ನುವ ಸಹಜ ಬಣ್ಣ, ನೇರಳೆ ಹಣ್ಣಿನಲ್ಲೂ ಇರುವಂಥದ್ದು. ನನ್ನ ತಕರಾರು ಲೇಬಲ್ ಬಗ್ಗೆ. ಮುಂದೆ ‘ಕರುಳಿನ ಕ್ಯಾನ್ಸರ್ ತಡೆಯುತ್ತದೆ’ ಅಂತ ದೊಡ್ಡದಾಗಿ ಹಾಕಿದ್ದಾರೆ, ಹಿಂದೆ ತಿರುಗಿಸಿದರೆ 100 ಮಿಲಿಗೆ 60 ಗ್ರಾಂ ಸಕ್ಕರೆ. ಗ್ಲಾಸಿಗೆ 40 ಮಿಲಿ ಹಾಕಿ ಅಂತ ಅವರೇ ಬರೆದಿದ್ದಾರೆ, ಅಂದರೆ 24 ಗ್ರಾಂ ಆಯ್ತು. ಇಡೀ ದಿನಕ್ಕೇ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಅಂಗಡಿಯವರಿಗೆ ತೋರಿಸಿದೆ. “ಎಂತದೂ ಆಗುದಿಲ್ಲ ಮಾರಾಯ್ರೇ, ಹಣ್ಣಿನದ್ದೇ ಅಲ್ವಾ” ಅಂದರು.

ಆಂಥೋಸಯಾನಿನ್ ರಕ್ತಕ್ಕೆ ಸೇರುವುದು ತುಂಬಾ ಕಡಿಮೆ, ಹೆಚ್ಚಿನದು ದೊಡ್ಡ ಕರುಳಿನವರೆಗೆ ಹೋಗುತ್ತದೆ. ಕರುಳಲ್ಲಿ ಗಡ್ಡೆ ಬೆಳೆಯುವ ತಳಿಯ ಇಲಿಗಳಿಗೆ ಇದನ್ನು ಆಹಾರದಲ್ಲಿ ಕೊಟ್ಟಾಗ ಗಡ್ಡೆ ಕಡಿಮೆಯಾದದ್ದೂ ನಿಜ. ಆದರೆ ಮನುಷ್ಯರಲ್ಲಿ ಅದು ಕ್ಯಾನ್ಸರ್ ತಡೆಯುತ್ತದೆ ಅಂತ ಸಾಬೀತಾಗಿಲ್ಲ. ಸಕ್ಕರೆಯ ಕಥೆ ಬೇರೆ. ಗಡ್ಡೆ ಬೆಳೆಯುವಂಥ ಇಲಿಗಳಿಗೇ ಫ್ರಕ್ಟೋಸ್ (ಒಂದು ಬಗೆಯ ಸಕ್ಕರೆ) ಜಾಸ್ತಿ ಇರುವ ಮೆಕ್ಕೆಜೋಳದ ಸಿರಪ್ಪನ್ನು ದಿನಾ ಕುಡಿಸಿದ ಪ್ರಯೋಗ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಮನುಷ್ಯರ ಲೆಕ್ಕದಲ್ಲಿ ದಿನಕ್ಕೊಂದು ಕ್ಯಾನ್ ತಂಪು ಪಾನೀಯದಷ್ಟು, ಅಷ್ಟೇ. ಇಲಿಗಳು ದಪ್ಪ ಆಗಲಿಲ್ಲ, ಗಡ್ಡೆಗಳು ಮಾತ್ರ ದೊಡ್ಡದಾದವು, ಯಾಕೆಂದರೆ ಕುಡಿದ ಫ್ರಕ್ಟೋಸ್ ಒಂದಷ್ಟು ದೊಡ್ಡ ಕರುಳಿಗೂ ತಲುಪಿತು, ಗಡ್ಡೆಯ ಕೋಶಗಳು ಅದನ್ನು ಬಳಸಿಕೊಂಡು ಕೊಬ್ಬು ತಯಾರಿಸಿ ಬೆಳೆದವು. ನಮ್ಮ ಮಾಮೂಲಿ ಸಕ್ಕರೆಯಲ್ಲೂ ಅರ್ಧ ಫ್ರಕ್ಟೋಸೇ ಇರುವುದು. ಇಲಿಗೆ ಆದದ್ದೆಲ್ಲ ನಮಗೂ ಆಗುತ್ತದೆ ಅಂತಲ್ಲ, ಆದರೆ ಇಷ್ಟು ಸಕ್ಕರೆ ತುಂಬಿ ಮೇಲೆ ಕ್ಯಾನ್ಸರ್ ಹೆಸರು ಬರೆಯುವುದು ತಪ್ಪು. ಕರುಳಿನ ಪಾಲಿಪ್ (ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಡ್ಡೆ) ತೆಗೆಸಿಕೊಂಡವರು ಇದನ್ನೇ ಔಷಧಿ ಅಂತ ದಿನಾ ಕುಡಿದು, ಡಾಕ್ಟರ್ ಹೇಳಿದ ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಬಿಟ್ಟರೆ ಏನು ಗತಿ?

ಸಿಪ್ಪೆ ಮಾತ್ರ ಕಣ್ಣು ಮುಚ್ಚಿ ತಗೊಳ್ಳಿ. ಕಪ್ಪುಗೆಂಪು, ಮೆತ್ತಗೆ, ಬೆರಳಿಗೆ ಸ್ವಲ್ಪ ಅಂಟುತ್ತದೆ, ಬೂಷ್ಟಿನ ವಾಸನೆ ಇಲ್ಲ. ತಣ್ಣೀರಲ್ಲಿ ನೆನೆಸಿ ಕಿವುಚಿ, ಜೀರಿಗೆ ಪುಡಿ, ಉಪ್ಪು ಹಾಕಿದರೆ ಸಾಕು. ಬೆಲ್ಲ ಬೇಕೆಂದರೆ ಚೂರೇ ಚೂರು, ಅದೂ ಸಕ್ಕರೆಯೇ. ಉಪ್ಪು ಹಾಕಿ ಒಣಗಿಸಿದ್ದೂ ಅಲ್ಲಿ ಸಿಗುತ್ತದೆ, ಹಾಗಾಗಿ ಕೇಳಿಯೇ ತಗೊಳ್ಳಿ.