ಮೂರು ಬೂದುಗಳ ಅರೆಹೊಳಪು: ಮಿಸ್ಟರ್ ಕಲರ್ ಲ್ಯಾಕರ್‌ನೊಂದಿಗೆ ಆರು ವರ್ಷ

ಜರ್ಮನ್ ಯುದ್ಧವಿಮಾನಗಳ ಪ್ಲಾಸ್ಟಿಕ್ ಮಾದರಿಗಳನ್ನು ಕಟ್ಟುವವರಿಗೆ ಜಪಾನಿನ ಜಿಎಸ್‌ಐ ಕ್ರಿಯೋಸ್ ಸಂಸ್ಥೆಯ ಮಿಸ್ಟರ್ ಕಲರ್ ಲ್ಯಾಕರ್‌ಗಳನ್ನು, ಅಂದರೆ ದ್ರಾವಕದಲ್ಲಿ ಕರಗಿಸಿದ ಬಣ್ಣಗಳನ್ನು, ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಬಾಟಲಿಯ ಅಳತೆ, ಬಣ್ಣಗಳ ಪಟ್ಟಿ ಎಲ್ಲವೂ ತಿಳಿದದ್ದೇ. ಆರು ವರ್ಷಗಳ ಬಳಕೆಯ ನಂತರ ನಾನು ಬರೆಯಲು ಕುಳಿತಿರುವುದು ಅವುಗಳ ಒಂದೇ ಒಂದು ಗುಣದ ಬಗ್ಗೆ. ಈ ಸರಣಿಯ 36, 37 ಮತ್ತು 117ನೇ ಸಂಖ್ಯೆಯ ಬಣ್ಣಗಳು ಒಣಗಿದ ಮೇಲೆ ಪ್ಲಾಸ್ಟಿಕ್ಕಿನ ಮೇಲೆ ಉಳಿಸುವ ಅರೆಹೊಳಪೇ ಆ ಗುಣ. ಮಂಗಳೂರಿನ ನಮ್ಮ ಮನೆಯ ಹಿಂಬದಿಯ ವರಾಂಡದಲ್ಲಿ, ಹೆಚ್ಚಾಗಿ ಭಾನುವಾರಗಳಂದು, ಈ ಮೂರು ಬಣ್ಣಗಳನ್ನು ಇದುವರೆಗೆ ಒಂಬತ್ತು ಮಾದರಿಗಳಿಗೆ ಹಾಕಿದ್ದೇನೆ. ಅವುಗಳಲ್ಲಿ ಆರು ಮೆಸ್ಸರ್‌ಶ್ಮಿಟ್ ಬಿಎಫ್ 109, ಮೂರು ಫೋಕ-ವುಲ್ಫ್ ಎಫ್‌ಡಬ್ಲ್ಯೂ 190. ಎಲ್ಲವೂ 1/48 ಪ್ರಮಾಣದವು.

ಸಂಖ್ಯೆಗಳ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಜರ್ಮನಿಯ ವಾಯುಯಾನ ಸಚಿವಾಲಯ ತನ್ನ ವಿಮಾನಗಳ ಬಣ್ಣಗಳಿಗೆ ಕೊಟ್ಟಿದ್ದ ಸಂಖ್ಯೆಗಳನ್ನೇ ನಾವು ಆರ್‌ಎಲ್‌ಎಂ ಸಂಖ್ಯೆಗಳು ಎನ್ನುತ್ತೇವೆ. ಎರಡನೇ ಮಹಾಯುದ್ಧ ಆರಂಭವಾದಾಗ ಬಿಎಫ್ 109ರ ಮೇಲ್ಭಾಗವು 70 ಮತ್ತು 71 ಎಂಬ ಎರಡು ಕಡುಹಸಿರುಗಳಲ್ಲಿತ್ತು. ನೆಲದಲ್ಲಿ ನಿಂತ ವಿಮಾನವನ್ನು ಮೇಲಿನಿಂದ ನೋಡುವವರ ಕಣ್ಣಿನಿಂದ ಮರೆಮಾಡಲು ಆ ಹಸಿರು ಸಾಕಾಗುತ್ತಿತ್ತು. 1940ರಲ್ಲಿ ಅದು ತಿಳಿಯಾಗಿ, 71ರ ಜೊತೆಗೆ 02 ಎಂಬ ಹಸಿರುಮಿಶ್ರಿತ ಬೂದು ಬಂದಿತು, ಕೆಳಗಿನ 65ರ ತಿಳಿನೀಲಿ ಒಡಲಿನ ಪಕ್ಕಗಳಿಗೂ ಏರಿತು. ಇಂಗ್ಲಿಷ್ ಕಾಲುವೆಯ ಮೇಲೆ, ನೀರು ಮತ್ತು ಮೋಡಗಳ ನಡುವೆ ಕಾದಾಡುವ ವಿಮಾನಕ್ಕೆ ಹಸಿರಿಗಿಂತ ಬೂದು ಹೆಚ್ಚು ಹೊಂದುತ್ತದೆ ಎಂಬುದು ಸ್ಪಷ್ಟವಾದ ಮೇಲೆ 74, 75, 76ರ ಕಾಲ ಬಂದಿತು. 1941ರ ನವೆಂಬರಿನ ಕೈಪಿಡಿಯಲ್ಲಿ ಈ ಮೂರು ಬಣ್ಣಗಳು ಹೋರಾಟ ವಿಮಾನಗಳಿಗೆ ಗೊತ್ತುಮಾಡಿದ ಬಣ್ಣಗಳಾಗಿ ನಮೂದಾಗಿವೆ. ಮಿಸ್ಟರ್ ಕಲರ್‌ನ 36 ಎಂದರೆ 74, ಅಂದರೆ ಬೂದುಹಸಿರು. 37 ಎಂದರೆ 75, ಬೂದುನೇರಳೆ. 117 ಎಂದರೆ 76, ತಿಳಿನೀಲಿ.

ನಾನೂ ಮೊದಲ ಒಂದೂವರೆ ವರ್ಷ ಈ ಸಂಖ್ಯೆಗಳ ಹಿಂದೆಯೇ ಬಿದ್ದಿದ್ದೆ. 75ರಲ್ಲಿ ನೇರಳೆ ಎಷ್ಟಿರಬೇಕು, 76 ನೀಲಿಗೆ ವಾಲಬೇಕೋ ಬೂದಿಗೆ ವಾಲಬೇಕೋ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ, ಒಂದೇ ಸಂಖ್ಯೆಯ ಬಣ್ಣವನ್ನು ಬೇರೆ ಬೇರೆ ತಯಾರಕರಿಂದ ತರಿಸಿ ಹೋಲಿಸುತ್ತ, ಒಂದು ಇಡೀ ಮಾದರಿಯ ಬೆಲೆಗಿಂತ ಹೆಚ್ಚು ಹಣವನ್ನು ಬಾಟಲಿಗಳಿಗೇ ಖರ್ಚು ಮಾಡಿದೆ. ಆ ಹುಡುಕಾಟದಿಂದ ನನಗೆ ಉಳಿದ ಲಾಭವೆಂದರೆ ಚಮಚಗಳ ಅಭ್ಯಾಸ.

ಬಿಳಿಯ ಪ್ಲಾಸ್ಟಿಕ್ ಚಮಚದ ಬೆನ್ನು ವಿಮಾನದ ಒಡಲಿನಂತೆಯೇ ಬಾಗಿರುತ್ತದೆ, ಆದ್ದರಿಂದ ಚಪ್ಪಟೆಯಾದ ಕಾಗದದ ಮೇಲೆ ಕಾಣದ ಬೆಳಕಿನ ಆಟ ಅದರ ಮೇಲೆ ಕಾಣುತ್ತದೆ. 2022ರ ಜುಲೈಯಿಂದ ಅಂತಹ ಚಮಚಗಳ ಮಾರಾಟಕ್ಕೆ ನಿಷೇಧ ಬಂದಿರುವುದರಿಂದ, ಅದಕ್ಕೂ ಮೊದಲು ಒಂದು ಸಮಾರಂಭದಲ್ಲಿ ಉಳಿದದ್ದನ್ನು ಮನೆಗೆ ತಂದಿದ್ದ ಕಟ್ಟನ್ನೇ ಜೋಪಾನವಾಗಿ ಬಳಸುತ್ತಿದ್ದೇನೆ. ಶನಿವಾರ ರಾತ್ರಿ ಬಾಟಲಿಯನ್ನು ತಲೆಕೆಳಗಾಗಿ ಇಡುತ್ತೇನೆ. ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಮುಚ್ಚಳ ತೆಗೆದು, ಚಪ್ಪಟೆ ತುದಿಯ ಸ್ಟೀಲ್ ಕಡ್ಡಿಯಿಂದ ತಳವನ್ನು ಕೆರೆಯುತ್ತ, ಕಡ್ಡಿಗೆ ಅಂಟುವ ಗಟ್ಟಿ ಪದರವೆಲ್ಲ ಕರಗಿ ಗಾಜಿಗೆ ಲೋಹ ತಾಗುವ ಶುದ್ಧವಾದ ಸದ್ದು ಕೇಳುವವರೆಗೂ ಕಲಕುತ್ತೇನೆ. ಒಂದು ಪಾಲು ಬಣ್ಣಕ್ಕೆ ಎರಡು ಪಾಲು ಮಿಸ್ಟರ್ ಲೆವೆಲಿಂಗ್ ಥಿನ್ನರ್ ಸೇರಿಸಿದರೆ ಅದು ನೀರುಮಜ್ಜಿಗೆಯ ಹದಕ್ಕೆ ಬರುತ್ತದೆ. ಬಟ್ಟಲನ್ನು ವಾಲಿಸಿದಾಗ ಗೋಡೆಯ ಮೇಲೆ ತೆಳುವಾದ ಪೊರೆ ಉಳಿದು ನಿಧಾನವಾಗಿ ಇಳಿಯಬೇಕು. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ, 0.3 ಮಿಲಿಮೀಟರ್ ಸೂಜಿಯ ಏರ್‌ಬ್ರಷ್‌ನಲ್ಲಿ, ಸುಮಾರು 15 ಪಿಎಸ್‌ಐ ಒತ್ತಡದಲ್ಲಿ, ಮೂರು ತೆಳುವಾದ ಪದರ ಹಾಕಿ, ಹಿಡಿಯ ಮೇಲೆ ಸಂಖ್ಯೆಯನ್ನೂ ತಾರೀಖನ್ನೂ ಬರೆದು ಕಿಟಕಿಯ ಸರಳಿಗೆ ದಾರದಿಂದ ಕಟ್ಟುತ್ತೇನೆ. ಗಾಳಿ ಬಂದಾಗ ಆ ಚಮಚಗಳು ಒಂದಕ್ಕೊಂದು ತಾಗಿ ಮೆಲ್ಲಗೆ ಸದ್ದು ಮಾಡುತ್ತವೆ.

ಹೀಗೆ ಕಟ್ಟಿದ ಚಮಚಗಳಲ್ಲಿ ಒಂದು ನನ್ನ ಒಂದೂವರೆ ವರ್ಷದ ಪ್ರಶ್ನೆಗಳಿಗೆ ಉತ್ತರ ಕೊಟ್ಟಿತು. 37ನೇ ಸಂಖ್ಯೆಯ ಬಣ್ಣ ಹಾಕಿದ ಒಂದು ಚಮಚವನ್ನು ಟೇಪ್ ಹಚ್ಚಿ ಮೂರು ಭಾಗ ಮಾಡಿ, ಒಂದಕ್ಕೆ ಹೊಳಪಿನ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ, ಇನ್ನೊಂದಕ್ಕೆ ಮ್ಯಾಟ್, ಅಂದರೆ ಹೊಳಪಿಲ್ಲದ ಕ್ಲಿಯರ್ ಹಾಕಿ, ನಡುವಿನದನ್ನು ಹಾಗೆಯೇ ಬಿಟ್ಟಿದ್ದೆ. ಮರುದಿನ ಬೆಳಗಿನ ಬೆಳಕಿನಲ್ಲಿ ನೋಡಿದರೆ ಅವು ಮೂರು ಬೇರೆ ಬಣ್ಣಗಳು. ಹೊಳಪಿನ ಕೆಳಗೆ ಬಣ್ಣ ಕಡುವಾಗಿ ನೇರಳೆ ಎದ್ದು ಬಂದಿತ್ತು, ಮ್ಯಾಟ್‌ನ ಕೆಳಗೆ ಅದೇ ಬಣ್ಣ ಬೂದಿ ಚಿಮುಕಿಸಿದಂತೆ ಬಿಳಿಚಿಕೊಂಡಿತ್ತು. ಒರಟಾದ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ ಕಣ್ಣಿಗೆ ಬಣ್ಣದ ಜೊತೆ ಬಿಳಿಯ ಬೆಳಕೂ ಬೆರೆತು ಬರುತ್ತದೆ, ನಯವಾದ ಮೇಲ್ಮೈಯಲ್ಲಿ ಹಾಗಾಗುವುದಿಲ್ಲ. ಎರಡು ತಯಾರಕರ 75ರ ನಡುವೆ ನಾನು ಅಳೆಯುತ್ತಿದ್ದ ವ್ಯತ್ಯಾಸಕ್ಕಿಂತ ಒಂದೇ ಬಾಟಲಿಯ ಬಣ್ಣದ ಮೇಲೆ ಎರಡು ಕ್ಲಿಯರ್‌ಗಳು ಉಂಟುಮಾಡಿದ ವ್ಯತ್ಯಾಸವೇ ದೊಡ್ಡದಾಗಿತ್ತು. ಅಂದಿನಿಂದ ಯಾರಾದರೂ ಸರಿಯಾದ 75 ಯಾವುದು ಎಂದು ಕೇಳಿದರೆ, ಅದರ ಮೇಲೆ ಏನು ಹಾಕುತ್ತೀರಿ ಎಂದು ನಾನು ಮೊದಲು ಕೇಳುತ್ತೇನೆ.

ನಡುವಿನ ಭಾಗ, ಏನೂ ಹಾಕದೆ ಬಿಟ್ಟದ್ದು, ಎಲ್ಲಕ್ಕಿಂತ ಚೆನ್ನಾಗಿತ್ತು. ಮೊಟ್ಟೆಯ ಚಿಪ್ಪಿಗೆ ಇರುವಷ್ಟೇ ಹೊಳಪು. ಬೆಳಕು ಬಿದ್ದ ಕಡೆ ಗೆರೆಯಾಗಿ ಕಡಿದು ನಿಲ್ಲದೆ ಅಂಚು ಕರಗುತ್ತ ಹರಡಿಕೊಳ್ಳುತ್ತದೆ.

ಆ ಕಾಲದ ಛಾಯಾಚಿತ್ರಗಳಲ್ಲಿ ನಾನು ಕಾಣುವುದೂ ಇದನ್ನೇ. ಕಾರ್ಖಾನೆಯಿಂದ ಹೊಸದಾಗಿ ಬಂದ ಬಿಎಫ್ 109ರ ಎಂಜಿನ್ ಹೊದಿಕೆಯ ಮೇಲೆ ಆಕಾಶದ ಬೆಳಕು ತೆಳುವಾಗಿ ಹಾಯ್ದಿರುತ್ತದೆ. ಒರಟಾದ ಮೇಲ್ಮೈ ಗಾಳಿಯನ್ನು ತಡೆದು ವೇಗವನ್ನು ತಿನ್ನುತ್ತದೆ, ಹಾಗಾಗಿ ಹೋರಾಟ ವಿಮಾನವನ್ನು ಸೀಮೆಸುಣ್ಣದಂತೆ ಒರಟಾಗಿ ಬಿಡುವುದು ಯಾರಿಗೂ ಬೇಕಿರಲಿಲ್ಲ. ಆಮೇಲೆ ಬಳಕೆ ಆ ಹೊಳಪನ್ನು ಅಲ್ಲಲ್ಲಿ ಕದಡುತ್ತದೆ. ಚಾಲಕರು ಎಡರೆಕ್ಕೆಯ ಬುಡದಿಂದ ಹತ್ತುತ್ತಿದ್ದುದರಿಂದ ಅಲ್ಲಿ ಬೂಟುಗಳಿಗೆ ಸವೆದು ಮಂಕಾಗುತ್ತದೆ, ಎಂಜಿನ್ ಚಾಲೂ ಮಾಡುವ ಕೈಹಿಡಿ ಬಲಬದಿಯಲ್ಲಿದ್ದುದರಿಂದ ಅಲ್ಲಿ ಇನ್ನೊಂದು ಬಗೆಯ ಸವೆತ, ಹೊಗೆಕೊಳವೆಗಳ ಹಿಂದೆ ಮಸಿ. ಬಾಲ ಮತ್ತು ರೆಕ್ಕೆಗಳ ಆಡುವ ಭಾಗಗಳಾದ ಚುಕ್ಕಾಣಿ, ಎಲಿವೇಟರ್, ಐಲೆರಾನ್‌ಗಳಿಗೆ ಬಟ್ಟೆಯ ಹೊದಿಕೆ ಇದ್ದುದರಿಂದ ಅವು ಲೋಹದ ಭಾಗಗಳಿಗಿಂತ ಬೇರೆಯಾಗಿ ಬೆಳಕು ಹಿಡಿಯುತ್ತವೆ. ಒಂದು ವಿಮಾನಕ್ಕೆ ಒಂದೇ ಹೊಳಪು ಎಂಬುದು ಇರಲೇ ಇಲ್ಲ. ಇಡೀ ಮಾದರಿಯ ಮೇಲೆ ಕೊನೆಗೊಂದು ಮ್ಯಾಟ್ ಪದರ ಬೀಸಿ ಮುಗಿಸುವ ನಮ್ಮ ಪದ್ಧತಿ ಈ ಎಲ್ಲ ವ್ಯತ್ಯಾಸಗಳನ್ನು ಒಂದೇ ಏಟಿಗೆ ಅಳಿಸಿಹಾಕುತ್ತದೆ.

ಈ ಮಾತನ್ನು ನಾನು ಕಲಿತದ್ದು ನಷ್ಟ ಅನುಭವಿಸಿ. ಐದು ತಿಂಗಳು ಕುಳಿತು ಕಟ್ಟಿದ ಒಂದು ಬಿಎಫ್ 109 ಜಿ-6ರ ಪಕ್ಕಗಳ ಮೇಲೆ 74, 75 ಮತ್ತು 02ರ ಮಚ್ಚೆಗಳನ್ನು ಯಾವ ಟೇಪ್ ಇಲ್ಲದೆ, 0.2 ಮಿಲಿಮೀಟರ್ ಸೂಜಿಯಿಂದ, ಒಂದೊಂದಾಗಿ ಕೈಯಿಂದಲೇ ಹಾಕಿದ್ದೆ. ನಾನು ಮಾಡಿದ ಮಚ್ಚೆಗಳಲ್ಲಿ ಅವು ಅತ್ಯುತ್ತಮವಾದವು. ಹೆಸರು ಬೇಡ, ಬೇರೊಂದು ಕಂಪನಿಯ ಮ್ಯಾಟ್ ಕ್ಲಿಯರ್ ಸ್ಪ್ರೇ ಡಬ್ಬಿಯನ್ನು ತರಿಸಿ, ಜುಲೈ ತಿಂಗಳಿನ ಒಂದು ಸಂಜೆ, ಮಳೆ ಸ್ವಲ್ಪ ಬಿಡುವು ಕೊಟ್ಟಿದ್ದಾಗ, ಅದರ ಮೇಲೆ ಹಾಕಿದೆ. ಹತ್ತು ನಿಮಿಷದೊಳಗೆ ರೆಕ್ಕೆಗಳ ಬುಡದಲ್ಲಿ ಹಾಲಿನಂತಹ ಬಿಳುಪು ಕಾಣಿಸಿಕೊಂಡು, ಕತ್ತಲಾಗುವ ಹೊತ್ತಿಗೆ ಬಾಲದವರೆಗೂ ಹರಡಿತು. ಡಬ್ಬಿಯ ಮೇಲಿನ ಸೂಚನೆಗಳಲ್ಲಿ ಚೆನ್ನಾಗಿ ಅಲುಗಾಡಿಸಿ ಎಂದಿತ್ತು, ಬೆಂಕಿಯಿಂದ ದೂರವಿಡಿ ಎಂದಿತ್ತು, ಗಾಳಿಯ ತೇವಾಂಶದ ಬಗ್ಗೆ ಒಂದು ಸಾಲೂ ಇರಲಿಲ್ಲ. ಮಾರಾಟಗಾರರಿಗೆ ಬರೆದಾಗ ಬಂದ ಉತ್ತರವೂ ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸಬೇಕಿತ್ತು ಎಂಬುದೇ. ಅದನ್ನು ನೆನೆದರೆ ಇವತ್ತಿಗೂ ಬೇಸರವಾಗುತ್ತದೆ.

ಆಗಿದ್ದು ಇಷ್ಟು. ದ್ರಾವಕ ಬೇಗನೆ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಸುತ್ತಲಿನ ತೇವ ಅಲ್ಲಿ ಹನಿಗಟ್ಟಿ ಇನ್ನೂ ಒಣಗದ ಪೊರೆಯೊಳಗೆ ಸಿಕ್ಕಿಕೊಳ್ಳುತ್ತದೆ, ಪೊರೆ ಬೆಳ್ಳಗಾಗುತ್ತದೆ. ಇದಕ್ಕೆ ಪರಿಹಾರವಿದೆ: ನಿಧಾನವಾಗಿ ಒಣಗುವ ಥಿನ್ನರನ್ನು ಮಂಜಿನಂತೆ ಸಿಂಪಡಿಸಿದರೆ ಪೊರೆ ಮತ್ತೆ ಸಡಿಲಗೊಂಡು ತೇವ ಹೊರಗೆ ಹೋಗುತ್ತದೆ. ಆದರೆ ಮ್ಯಾಟ್ ಕ್ಲಿಯರ್‌ನಲ್ಲಿ ಹೊಳಪು ಕಳೆಯಲೆಂದು ಸೇರಿಸಿದ ನುಣ್ಣನೆಯ ಪುಡಿಯೂ ಇರುತ್ತದೆ, ಅದು ದಪ್ಪಗೆ ಕೂತರೆ ತಾನಾಗಿಯೇ ಬಿಳಿಯಾಗಿ ಕಾಣುತ್ತದೆ. ನನ್ನ ಮಾದರಿಯ ಮೇಲೆ ಎರಡೂ ಸೇರಿಕೊಂಡಿದ್ದವು. ಥಿನ್ನರ್ ಸಿಂಪಡಿಸಿ ಅರ್ಧವನ್ನು ಸರಿಪಡಿಸಿದೆ, ಹೊಳಪಿನ ಕ್ಲಿಯರ್ ಹಾಕಿ ಇನ್ನು ಸ್ವಲ್ಪವನ್ನು. ಎಡರೆಕ್ಕೆಯ ಬುಡ ಮಾತ್ರ ಈಗಲೂ ಮಸುಕಾಗಿಯೇ ಇದೆ.

ಅದರ ಮುಂದಿನ ಮಾದರಿಗೆ ನಾನು ಮ್ಯಾಟ್ ಹಾಕಲೇ ಇಲ್ಲ, ಭಯದಿಂದ. ಮಿಸ್ಟರ್ ಕಲರ್ ಒಣಗಿದ ಹಾಗೆಯೇ ಬಿಟ್ಟು, ಅದರ ಮೇಲೆ ನೇರವಾಗಿ ಡೆಕಾಲ್‌ಗಳನ್ನು, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರಗಳನ್ನು, ಇಳಿಸಿದೆ. ಮ್ಯಾಟ್ ಬಣ್ಣದ ಒರಟಿನ ಮೇಲೆ ಡೆಕಾಲ್ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಮಿನುಗುತ್ತದೆ, ಅದನ್ನು ತಪ್ಪಿಸಲೆಂದೇ ನಾವು ಮೊದಲು ಹೊಳಪಿನ ಪದರ ಹಾಕಿ, ಡೆಕಾಲ್ ಇಳಿಸಿ, ಮತ್ತೆ ಮ್ಯಾಟ್ ಹಾಕುತ್ತೇವೆ. ಈ ಅರೆಹೊಳಪು ಅಷ್ಟಕ್ಕೇ ಸಾಕಾಗುವಷ್ಟು ನಯವಾಗಿತ್ತು. ಡೆಕಾಲ್ ಕೂರಿಸುವ ದ್ರವಗಳಾದ ಮೈಕ್ರೋ ಸೆಟ್ ಹಚ್ಚಿ, ಆಮೇಲೆ ಮೈಕ್ರೋ ಸಾಲ್ ಹಚ್ಚಿದ ಮೇಲೆ ಶಿಲುಬೆಯ ಗುರುತುಗಳು ವಿಮಾನದ ತಗಡುಗಳು ಕೂಡುವ ಗೆರೆಗಳೊಳಗೆ ಇಳಿದು ಕೂತವು, ಮಿನುಗು ಎಲ್ಲಿಯೂ ಇಲ್ಲ. ಎರಡು ಪದರದ ಕೆಲಸ ಉಳಿಯಿತು, ಎರಡು ಭಾನುವಾರ ಉಳಿಯಿತು, ಗೆರೆಗಳು ಬಣ್ಣದಿಂದ ತುಂಬಿಹೋಗಲಿಲ್ಲ. ಡೆಕಾಲ್‌ನ ಅಂಚು ಕಾಣದಿರಲೆಂದು ಕೊನೆಗೆ ಅದೇ ಸರಣಿಯ 181, ಅಂದರೆ ಅರೆಹೊಳಪಿನ ಕ್ಲಿಯರನ್ನು ಒಂದಕ್ಕೆ ಮೂರು ಪಾಲು ಥಿನ್ನರ್ ಬೆರೆಸಿ ಒಂದೇ ಸಲ ಹಾಯಿಸುತ್ತೇನೆ. 182ರ ಮ್ಯಾಟ್ ಬಟ್ಟೆಹೊದಿಕೆಯ ಭಾಗಗಳಿಗೆ, ಟೈರುಗಳಿಗೆ, ಹೊಗೆಯ ಮಸಿಗೆ ಮಾತ್ರ, ಅದೂ ಡಿಸೆಂಬರಿನಿಂದ ಫೆಬ್ರವರಿಯೊಳಗೆ. ವರಾಂಡದ ಗೋಡೆಗೆ ಗಾಳಿಯ ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ನೇತುಹಾಕಿದ್ದೇನೆ. ಮುಳ್ಳು ಶೇಕಡ 75 ದಾಟಿದ್ದರೆ ಏರ್‌ಬ್ರಷ್ ಮುಟ್ಟುವುದಿಲ್ಲ, ಆ ದಿನ ಕಾಕ್‌ಪಿಟ್ಟಿನ ಕೆಲಸ.

ಬಣ್ಣವನ್ನು ತಿಳಿಮಾಡುವವರು ಒಂದು ವಿಷಯ ಗಮನಿಸಬೇಕು. 1/48ರ ಸಣ್ಣ ಮಾದರಿಯ ಮೇಲೆ ಮೂಲ ಬಣ್ಣ ಕಡುವಾಗಿ ಕಾಣುತ್ತದೆಂದು ನಾನು 74ಕ್ಕೆ ಹತ್ತರಲ್ಲಿ ಒಂದು ಪಾಲು ಬಿಳಿ ಸೇರಿಸುತ್ತೇನೆ. ಮೊದಲು 62ನೇ ಸಂಖ್ಯೆಯ ಮ್ಯಾಟ್ ಬಿಳಿ ಸೇರಿಸುತ್ತಿದ್ದೆ, ಹೊಳಪು ಏಕೆ ಸಾಯುತ್ತದೆಂದು ತಿಳಿಯುತ್ತಿರಲಿಲ್ಲ. ಈಗ 1ನೇ ಸಂಖ್ಯೆಯ ಹೊಳಪಿನ ಬಿಳಿ ಬಳಸುತ್ತೇನೆ.

70 ಮತ್ತು 71ರ ಬಗ್ಗೆ ಹೆಚ್ಚು ಹೇಳಲಾರೆ. ಎರಡೂ ಎಷ್ಟು ಹತ್ತಿರದ ಹಸಿರುಗಳೆಂದರೆ ಕಪ್ಪುಬಿಳುಪು ಚಿತ್ರಗಳಲ್ಲಿ ಯುಂಕರ್ಸ್ ಜೆಯು 87ರ ಮೇಲ್ಭಾಗ ಅನೇಕ ವೇಳೆ ಒಂದೇ ಬಣ್ಣದಂತೆ ಕಾಣುತ್ತದೆ. ಮರುಭೂಮಿಯ 79ನ್ನು ನಾನು ಇನ್ನೂ ಬಳಸಿಲ್ಲ. ಯುದ್ಧದ ಕೊನೆಯ ವರ್ಷದ 81, 82, 83 ಮಾತ್ರ ಬೇರೆಯದೇ ಲೋಕ. ಮೊದಲಿನ ಬಣ್ಣಗಳಿಗಿದ್ದಂತೆ ಅವಕ್ಕೆ ಅಧಿಕೃತ ವರ್ಣಫಲಕ ಉಳಿದು ಬಂದಿಲ್ಲ, ಆದ್ದರಿಂದ ಯಾವ ಬಾಟಲಿಯ ಬಣ್ಣವೂ ತಾನೇ ಸರಿ ಎನ್ನುವಂತಿಲ್ಲ. ರೆಕ್ಕೆ ಒಂದು ಕಡೆ, ಒಡಲು ಇನ್ನೊಂದು ಕಡೆ ತಯಾರಾಗಿ, ಅಲ್ಲಲ್ಲಿಯೇ ಬಣ್ಣ ಬಳಿಸಿಕೊಂಡು ಬಂದು ಜೋಡಣೆಯಾಗುತ್ತಿದ್ದ ಕಾಲ ಅದು. ಕೆಳಭಾಗದ 76 ಕೂಡ ಕೆಲವು ವಿಮಾನಗಳಲ್ಲಿ ಹಸಿರು-ಹಳದಿಗೆ ವಾಲಿತ್ತು; ಮಾದರಿಕಾರರು ಅದನ್ನು 84 ಎಂದು ಕರೆಯುವುದುಂಟು, ಆದರೆ ಅದು ಸಚಿವಾಲಯ ಕೊಟ್ಟ ಸಂಖ್ಯೆಯಲ್ಲ. ಅಂತಹ ವಿಮಾನದಲ್ಲಿ ಒಡಲಿಗೂ ರೆಕ್ಕೆಗೂ ಬೇರೆ ಬೇರೆ ಹೊಳಪು ಕೊಡಲು ನನಗೆ ಈಗ ಧೈರ್ಯವಿದೆ.

ಖರ್ಚಿನ ಮಾತು. ಕಳೆದ ಸಲ ಒಂದು ಬಾಟಲಿಗೆ 260 ರೂಪಾಯಿ ಕೊಟ್ಟೆ. ಥಿನ್ನರ್ ಬೆರೆಸಿದ ಮೇಲೆ ಒಂದು ಬಾಟಲಿ 76 ನನಗೆ ಮೂರು ವಿಮಾನಗಳ ಕೆಳಭಾಗಕ್ಕೂ ಪಕ್ಕಗಳಿಗೂ ಬರುತ್ತದೆ, 74 ಮತ್ತು 75 ಇನ್ನೂ ಹೆಚ್ಚು. ಬಣ್ಣಕ್ಕಿಂತ ಥಿನ್ನರ್‌ಗೇ ಹೆಚ್ಚು ಹಣ ಹೋಗುತ್ತದೆ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು, ಅದರಲ್ಲಿ ಜುಗ್ಗತನ ಮಾಡಬಾರದು. ಲ್ಯಾಕರ್ ಎಂದ ಮೇಲೆ ಕಟುವಾದ ವಾಸನೆ ಇದ್ದೇ ಇರುತ್ತದೆ. ದ್ರಾವಕದ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಧರಿಸದೆ, ಕಿಟಕಿ ತೆರೆಯದೆ ಇದನ್ನು ಬಳಸಲೇಬಾರದು, ಸಣ್ಣ ಮಕ್ಕಳಿರುವ ಮುಚ್ಚಿದ ಫ್ಲ್ಯಾಟಿನಲ್ಲಂತೂ ನಾನು ಇದನ್ನು ಸೂಚಿಸುವುದಿಲ್ಲ. ಹೊಸದಾಗಿ ಆರಂಭಿಸುವವರು ಇಡೀ ಪಟ್ಟಿಯನ್ನು ಕೊಳ್ಳದೆ 36, 37, 117 ಮತ್ತು 181, ಜೊತೆಗೆ ಕಾಕ್‌ಪಿಟ್ಟಿನ ಕಡುಬೂದಿಗೆ 116, ಈ ಐದನ್ನು ತರಿಸಿಕೊಂಡರೆ ಒಂದು ಜಿ-6ರ ಮುಖ್ಯ ಬಣ್ಣಗಳೆಲ್ಲ ಕೈಗೆ ಬಂದಂತೆ. ಪ್ರತಿ ಸಲ ಮುಚ್ಚುವ ಮೊದಲು ಬಾಟಲಿಯ ಬಾಯಿಯನ್ನು ಥಿನ್ನರ್ ಬಟ್ಟೆಯಿಂದ ಒರೆಸಿದರೆ ಮುಚ್ಚಳ ಕಚ್ಚಿಕೊಳ್ಳುವುದಿಲ್ಲ. ನಾನು ತೆರೆದ ಮೊದಲ 37ರಲ್ಲಿ ಆರು ವರ್ಷಗಳ ನಂತರವೂ ತಳದಲ್ಲಿ ಒಂದಿಷ್ಟು ಬಣ್ಣ ಉಳಿದಿದೆ, ಹೋದ ವಾರ ಥಿನ್ನರ್ ಹಾಕಿ ಕಲಕಿದಾಗ ಮತ್ತೆ ಅದೇ ಬೂದುನೇರಳೆಯಾಗಿ ಎದ್ದು ಬಂದಿತು, ಅದನ್ನು ಒಂದು ಚಮಚಕ್ಕೆ ಹಾಕಿ ಕಿಟಕಿಗೆ ಕಟ್ಟಿದ್ದೇನೆ.